ಕಿವಿಯ ಬಗ್ಗೆ ನಾಲ್ಕು ಪ್ರಶ್ನೆ, ಕೆಲಸದ ಬಗ್ಗೆ ಒಂದು

ಆ ಕೋಣೆಯಲ್ಲಿ ಮೂವರು ಕೂತಿದ್ದರು. ಅವರ ಬೆನ್ನ ಹಿಂದೆ ದೊಡ್ಡ ಕಿಟಕಿ. ಮಧ್ಯಾಹ್ನದ ಬೆಳಕು ನೇರ ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಎರಡೂ ಕಿವಿಗೆ ಮಿಷನ್ ಇದೆ. ಅದರಿಂದ ಶಬ್ದ ಬರುತ್ತದೆ, ಮಾತು ಪೂರ್ತಿ ಬರುವುದಿಲ್ಲ. ಉಳಿದದ್ದನ್ನು ಎದುರಿನವರ ತುಟಿ ನೋಡಿ ತುಂಬಿಸಿಕೊಳ್ಳುತ್ತೇನೆ. ಬೆಳಕು ಹಿಂದಿನಿಂದ ಬಂದರೆ ಮುಖ ಕಪ್ಪಾಗಿಬಿಡುತ್ತದೆ, ತುಟಿ ಕಾಣುವುದಿಲ್ಲ. ಕುರ್ಚಿ ಸ್ವಲ್ಪ ಈ ಕಡೆ ಹಾಕಿಕೊಳ್ಳಲಾ ಎಂದು ಕೇಳಿದೆ. ಅಷ್ಟೇ ಸಾಕಾಯಿತು.

"ಯಾಕೆ, ಏನಾದ್ರೂ ತೊಂದರೆ ಇದೆಯಾ?"

ಇರುವುದನ್ನು ಹೇಳಿದೆ. ಅಲ್ಲಿಂದ ಮಾತಿನ ದಿಕ್ಕೇ ಬದಲಾಯಿತು. "ಹುಟ್ಟಿನಿಂದಲೇ ಹೀಗಾ?" "ಆಪರೇಷನ್ ಮಾಡಿಸಬಹುದಲ್ವಾ?" "ಫೋನ್ ಬಂದ್ರೆ ಏನ್ ಮಾಡ್ತೀರಿ?" "ಮೀಟಿಂಗಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡ್ತಾರೆ, ನಿಮಗೆ ಕಷ್ಟ ಆಗಲ್ವಾ?" ಹೀಗೆ ಕಿವಿಯ ಬಗ್ಗೆ ನಾಲ್ಕು ಪ್ರಶ್ನೆ. ನಾನು ಅರ್ಜಿ ಹಾಕಿದ್ದು ಲೆಕ್ಕಪತ್ರ ಪರಿಶೀಲಿಸುವ ಕೆಲಸಕ್ಕೆ. ಲೆಕ್ಕದ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಅದೂ ಕೊನೆಗೆ, ಫೈಲ್ ಮುಚ್ಚುತ್ತಾ.

ನಾನು ನಗುತ್ತಲೇ ಎಲ್ಲದಕ್ಕೂ ಉತ್ತರ ಕೊಟ್ಟೆ. ಹೇಳಬೇಕಾದದ್ದೆಲ್ಲ ಹೊಳೆದದ್ದು ಮೆಟ್ಟಿಲು ಇಳಿಯುವಾಗ. ಇದು ನನ್ನೊಬ್ಬನ ಕಥೆಯಲ್ಲ. ಅಂಗವೈಕಲ್ಯ ಇರುವ ಯಾರನ್ನೇ ಕೇಳಿ, ಇಂಥ ಒಂದು ಮೆಟ್ಟಿಲು ಅವರ ನೆನಪಿನಲ್ಲಿ ಇದ್ದೇ ಇರುತ್ತದೆ. ಆ ಮಾತನ್ನು ಕೋಣೆಯೊಳಗೇ ಹೇಳುವುದು ಹೇಗೆ, ಹೇಳಲಾಗದಿದ್ದರೆ ಹೊರಗೆ ಬಂದಮೇಲೆ ಏನು ಮಾಡಬಹುದು ಅನ್ನುವುದೇ ಇಲ್ಲಿನ ವಿಷಯ.

ಮೊದಲು ಆ ನಾಲ್ಕು ಪ್ರಶ್ನೆಗಳನ್ನೇ ಬಿಡಿಸಿ ನೋಡೋಣ. ಅವೆಲ್ಲ ಒಂದೇ ಜಾತಿಯವಲ್ಲ. ಮೊದಲ ಎರಡು ನನ್ನ ದೇಹದ ಬಗ್ಗೆ. ಹುಟ್ಟಿನಿಂದ ಬಂತೋ, ಜ್ವರದಿಂದ ಬಂತೋ, ಆಪರೇಷನ್ ಆಗುತ್ತದೋ ಇಲ್ಲವೋ, ಇದ್ಯಾವುದಕ್ಕೂ ಲೆಕ್ಕಪತ್ರಕ್ಕೂ ಸಂಬಂಧವಿಲ್ಲ. ಕೊನೆಯ ಎರಡು ಕೆಲಸದ ಹತ್ತಿರ ಬರುತ್ತವೆ. ಆ ಹುದ್ದೆಯಲ್ಲಿ ನಿಜವಾಗಿಯೂ ದಿನಕ್ಕೆ ಹತ್ತು ಫೋನ್ ತೆಗೆದುಕೊಳ್ಳಬೇಕಿದ್ದರೆ, ಅದನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಲು ಅವರಿಗೆ ಹಕ್ಕಿದೆ. ಆದರೆ ಅವರು ಹಾಗೆ ಕೇಳಲಿಲ್ಲ. "ಕಷ್ಟ ಆಗಲ್ವಾ" ಎಂದರು. ಅದರಲ್ಲಿ ಉತ್ತರವನ್ನು ಅವರೇ ಹಾಕಿಟ್ಟಿದ್ದರು.

"ನಿಮಗೆ ಏನಾಗಿದೆ?" ಒಂದು ಪ್ರಶ್ನೆ. "ಈ ಕೆಲಸವನ್ನು ಹೇಗೆ ಮಾಡುತ್ತೀರಿ?" ಇನ್ನೊಂದು. ಬೇರೆ ಬೇರೆ ದೇಶಗಳ ಕಾನೂನು ಹೆಚ್ಚುಕಡಿಮೆ ಈ ಎರಡರ ನಡುವೆಯೇ ಗೆರೆ ಎಳೆಯಲು ನೋಡಿವೆ. ಖಡಕ್ಕಾಗಿ ಎಳೆದ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿ 1990ರಲ್ಲಿ ಬಂದ ಅಂಗವಿಕಲರ ಕಾಯ್ದೆ, ಅಂದರೆ ಎಡಿಎ, ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಅನ್ವಯಿಸುತ್ತದೆ. ಕೆಲಸ ಕೊಡುತ್ತೇವೆ ಎಂದು ಹೇಳುವ ಮುಂಚೆ ಅಂಗವೈಕಲ್ಯದ ಬಗ್ಗೆ ಕೇಳುವ ಹಾಗಿಲ್ಲ. ಯಾವ ಮಾತ್ರೆ ತಗೋತೀರಿ ಅಂತ ಕೇಳುವ ಹಾಗಿಲ್ಲ. ಹೋದ ವರ್ಷ ಎಷ್ಟು ದಿನ ಹುಷಾರು ತಪ್ಪಿದ್ದಿರಿ ಅಂತಲೂ ಕೇಳುವ ಹಾಗಿಲ್ಲ. ಹಳೇ ಕೆಲಸಕ್ಕೆ ಎಷ್ಟು ದಿನ ರಜೆ ಹಾಕಿದ್ದಿರಿ ಎಂದು ಮಾತ್ರ ಕೇಳಬಹುದು, ಯಾಕೆಂದರೆ ರಜೆಯನ್ನು ಜನ ಸಾವಿರ ಕಾರಣಕ್ಕೆ ಹಾಕುತ್ತಾರೆ. ಈ ಕೆಲಸದ ಈ ಭಾಗವನ್ನು ಹೇಗೆ ಮಾಡುತ್ತೀರಿ, ಮಾಡಿ ತೋರಿಸಿ ಎಂದೂ ಹೇಳಬಹುದು. ಆಫರ್ ಕೊಟ್ಟಮೇಲೆ ವೈದ್ಯಕೀಯ ಪರೀಕ್ಷೆ ಮಾಡಿಸಬಹುದು. ಆದರೆ ಅದೇ ಹುದ್ದೆಗೆ ಸೇರುವ ಎಲ್ಲರಿಗೂ ಮಾಡಿಸಬೇಕು, ಕೋಲು ಹಿಡಿದು ಬಂದವರೊಬ್ಬರಿಗೇ ಅಲ್ಲ.

ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ 60ನೇ ಸೆಕ್ಷನ್ ಕೂಡ ಆಫರ್‌ಗೂ ಮುಂಚೆ ಆರೋಗ್ಯದ ಪ್ರಶ್ನೆ ಬೇಡ ಎನ್ನುತ್ತದೆ. ಸಂದರ್ಶನಕ್ಕೆ ಏನಾದರೂ ವ್ಯವಸ್ಥೆ ಬೇಕಾ ಎಂದು ಕೇಳುವುದಕ್ಕೆ ವಿನಾಯಿತಿ ಇದೆ. ಕೆಲಸದ ಮೂಲ ಭಾಗಕ್ಕೆ ಸಂಬಂಧಪಟ್ಟ ಪ್ರಶ್ನೆಗೂ ಇದೆ. ಒಂದು ಕುತೂಹಲದ ವಿಷಯ ಇಲ್ಲಿದೆ. ತಪ್ಪು ಪ್ರಶ್ನೆ ಕೇಳಿದರು ಎಂಬ ಒಂದೇ ಕಾರಣಕ್ಕೆ ಅಭ್ಯರ್ಥಿ ಅಲ್ಲಿ ನ್ಯಾಯಮಂಡಳಿಗೆ ಹೋಗಲು ಆಗುವುದಿಲ್ಲ. ಆದರೆ ಪ್ರಶ್ನೆ ಕೇಳಿ, ಆಮೇಲೆ ಕೆಲಸ ಕೊಡದೇ ಹೋದರೆ, ಆ ಪ್ರಶ್ನೆ ಮಾಲೀಕರ ಕುತ್ತಿಗೆಗೆ ಬರಬಹುದು. ತಾವು ತಾರತಮ್ಯ ಮಾಡಲಿಲ್ಲ ಎಂದು ಅವರೇ ಸಾಬೀತು ಮಾಡಬೇಕಾಗಬಹುದು. ಪ್ರಶ್ನೆಯನ್ನು ಸಾಕ್ಷಿಯ ಹಾಗೆ ನೋಡುವ ಈ ಕ್ರಮ ನನಗೆ ಬಹಳ ಇಷ್ಟ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21. ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂದು 3ನೇ ಸೆಕ್ಷನ್ ಹೇಳುತ್ತದೆ. ಆದರೆ ಉದ್ಯೋಗದಲ್ಲಿ ತಾರತಮ್ಯ ಕೂಡದು ಎಂದು ಖಡಾಖಂಡಿತವಾಗಿ ಹೇಳುವ 20ನೇ ಸೆಕ್ಷನ್ ಸರ್ಕಾರಿ ಸಂಸ್ಥೆಗಳನ್ನು ಉದ್ದೇಶಿಸಿದ್ದು. ಖಾಸಗಿಯವರಿಗೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂಬ ನಿಯಮ ಇದೆ. ಇಪ್ಪತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ನೀತಿಯಲ್ಲಿ ಏನೇನಿರಬೇಕು ಎಂಬ ಪಟ್ಟಿಯೂ ಇದೆ, ನೇಮಕಾತಿ ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿ ಬೇಕು ಎನ್ನುವುದೂ ಅದರಲ್ಲಿ ಸೇರಿದೆ. ಆದರೆ ಆಫರ್‌ಗೂ ಮುಂಚೆ ಇಂಥದ್ದನ್ನು ಕೇಳಬೇಡಿ ಎಂಬ ಗೆರೆ ಮಾತ್ರ ಈ ಕಾಯ್ದೆಯಲ್ಲಿ ಇಲ್ಲ. ನನ್ನ ಲೆಕ್ಕದಲ್ಲಿ ಅದೇ ಇದರ ದೊಡ್ಡ ತೂತು.

ಇವುಗಳ ಜೊತೆಗೆ ಅಂಗವಿಕಲರ ಹಕ್ಕುಗಳ ಬಗ್ಗೆ 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಇದೆ. ಅದರ 27ನೇ ವಿಧಿ ನೇಮಕಾತಿಯ ಷರತ್ತುಗಳಲ್ಲೂ ತಾರತಮ್ಯ ಕೂಡದು ಎನ್ನುತ್ತದೆ. ಅದಕ್ಕಿಂತ ಮುಖ್ಯವಾದದ್ದು 2ನೇ ವಿಧಿ. ಸಮಂಜಸ ಹೊಂದಾಣಿಕೆಯನ್ನು, ಎಂದರೆ ಅತಿ ಹೊರೆಯಾಗದ ಹಾಗೆ ಮಾಡಿಕೊಡಬಹುದಾದ ಬದಲಾವಣೆಯನ್ನು, ನಿರಾಕರಿಸುವುದೇ ತಾರತಮ್ಯ ಎಂದು ಅದು ಹೇಳುತ್ತದೆ. ಅಂದರೆ ಬೈಯಬೇಕಿಲ್ಲ, ಹೊರಗೆ ಕಳಿಸಬೇಕಿಲ್ಲ. ಕುರ್ಚಿ ಆ ಕಡೆ ಹಾಕಲು ಒಪ್ಪದಿದ್ದರೂ ಸಾಕು.

ಇನ್ನು, ಯಾಕೆ ಹೀಗೆ ಕೇಳುತ್ತಾರೆ? ಕೆಟ್ಟತನದಿಂದ ಕೇಳುವವರು ಕಡಿಮೆ ಅಂತಲೇ ನನ್ನ ಅನುಭವ. ಜಾಸ್ತಿ ಜನ ಕೇಳುವುದು ಗಾಬರಿಯಿಂದ. ಇಷ್ಟು ಹೊತ್ತು ಪಟ್ಟಿ ನೋಡಿ ಪ್ರಶ್ನೆ ಕೇಳುತ್ತಿದ್ದವರಿಗೆ ಈಗ ಪಟ್ಟಿಯಲ್ಲಿ ಇಲ್ಲದ ವಿಷಯ ಎದುರಾಗಿದೆ. ಕೆಲವರದು ಬರೀ ಕುತೂಹಲ. ಇನ್ನು ಕೆಲವರದು ಕನಿಕರ, ನನಗೆ ಅತಿ ಭಯ ಅದರದ್ದೇ. "ಪಾಪ, ಇಷ್ಟು ಓಡಾಟ ಇವರಿಗೆ ಯಾಕೆ" ಎಂದುಕೊಂಡು ಹೆಸರು ತೆಗೆದುಹಾಕುವವರು ರಾತ್ರಿ ನೆಮ್ಮದಿಯಾಗಿ ಮಲಗುತ್ತಾರೆ. ಒಳ್ಳೇದು ಮಾಡಿದೆ ಎಂದೇ ಅವರ ಎಣಿಕೆ. ನಮ್ಮ ಭಾಷೆಯಲ್ಲಿ ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದೂ ಹೋಗಿ ವಿಶೇಷಚೇತನ ಬಂತು. ಹೆಸರು ಬದಲಾಯಿಸುವುದರಲ್ಲಿ ನಾವು ಬಲು ಚುರುಕು. ಆ "ಪಾಪ" ಮಾತ್ರ ಕೂತಲ್ಲಿಂದ ಅಲ್ಲಾಡಿಲ್ಲ.

ಕನಿಕರವೋ ಭಯವೋ, ಅದರ ಪರಿಣಾಮ ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ಸಂಶೋಧಕರು ಲೆಕ್ಕಪತ್ರದ ಆರು ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಕಾಲ್ಪನಿಕ ಅರ್ಜಿಗಳನ್ನು ಕಳಿಸಿದರು. ಓದು, ಅನುಭವ ಎಲ್ಲ ಹೊಂದುವ ಹಾಗೇ ಇತ್ತು. ಕೆಲವು ಪತ್ರಗಳಲ್ಲಿ ಮಾತ್ರ ಬೆನ್ನುಹುರಿಗೆ ಪೆಟ್ಟಾಗಿದೆ ಎಂದೋ, ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ಸ್ ಇದೆ ಎಂದೋ ಬರೆದಿತ್ತು. ಎರಡೂ ಲೆಕ್ಕ ಬರೆಯುವ ಕೆಲಸಕ್ಕೆ ಅಡ್ಡಿಯಲ್ಲ ಎಂದೇ ಆರಿಸಿದವು. ಅಂಥ ಅರ್ಜಿಗಳಿಗೆ ಕಂಪನಿಗಳು ತೋರಿಸಿದ ಆಸಕ್ತಿ ಶೇ. 26ರಷ್ಟು ಕಡಿಮೆ. ಅನುಭವ ಜಾಸ್ತಿ ಇದ್ದವರ ವಿಷಯದಲ್ಲಿ ಅಂತರ ಇನ್ನೂ ದೊಡ್ಡದಾಗಿತ್ತು. ಇದು ಸಂದರ್ಶನಕ್ಕೂ ಮುಂಚಿನ ಮಾತು. ಹಾಗಾಗಿ ಕೋಣೆಯವರೆಗೆ ಬಂದವರು ಆಗಲೇ ಒಂದು ಜರಡಿ ದಾಟಿ ಬಂದಿರುತ್ತಾರೆ.

ಅದಕ್ಕೇ ಎಲ್ಲರೂ ಕೇಳುವ ಪ್ರಶ್ನೆ: ಯಾವಾಗ ಹೇಳಬೇಕು? ಅರ್ಜಿಯಲ್ಲೋ, ಸಂದರ್ಶನದಲ್ಲೋ, ಆಫರ್ ಬಂದಮೇಲೋ? ವೀಲ್‌ಚೇರ್‌ನಲ್ಲಿ ಬರುವವರಿಗೆ ಈ ಆಯ್ಕೆಯೇ ಇಲ್ಲ, ಬಾಗಿಲು ತೆರೆದ ಕೂಡಲೇ ಎಲ್ಲ ಗೊತ್ತಾಗುತ್ತದೆ. ಮೂರ್ಛೆರೋಗ, ಖಿನ್ನತೆ, ಓದುವ ತೊಂದರೆ ಇರುವವರಿಗೆ ಆಯ್ಕೆ ಇದೆ, ಜೊತೆಗೆ ಆಯ್ಕೆಯ ಚಿಂತೆಯೂ ಇದೆ. ನನ್ನ ಅಭಿಪ್ರಾಯ ಸರಳ. ಸಂದರ್ಶನದಲ್ಲೇ ಏನಾದರೂ ವ್ಯವಸ್ಥೆ ಬೇಕಿದ್ದರೆ ಮೊದಲೇ ಹೇಳಿ, ಬರಹದಲ್ಲಿ ಹೇಳಿ, ಬೇಕಾದಷ್ಟೇ ಹೇಳಿ. ರೋಗದ ಹೆಸರು ಬೇಕಿಲ್ಲ. "ಎದುರು ಕೂತವರ ಮುಖಕ್ಕೆ ಬೆಳಕು ಬೀಳುವಂಥ ಕೋಣೆ ಇದ್ದರೆ ಒಳ್ಳೆಯದು, ನಾನು ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತೇನೆ." ಇಷ್ಟು ಸಾಕು. ಸಂದರ್ಶನಕ್ಕೆ ಏನೂ ಬೇಕಿಲ್ಲದಿದ್ದರೆ, ಕೆಲಸಕ್ಕೂ ಅಡ್ಡಿಯಿಲ್ಲದಿದ್ದರೆ, ಹೇಳದೇ ಇರುವುದು ಸುಳ್ಳಲ್ಲ. ನಿಮ್ಮ ಮಂಡಿ ನೋವಿನ ಬಗ್ಗೆ ನೀವು ಎಲ್ಲರಿಗೂ ಹೇಳುತ್ತೀರಾ? ಹಾಗೇ ಇದು. ಆದರೆ ನೇರವಾಗಿ ಕೇಳಿದಾಗ ಇಲ್ಲ ಎಂದು ಸುಳ್ಳು ಹೇಳುವುದು ಬೇರೆ ವಿಷಯ. ಅದು ಮುಂದೆ ನಿಮ್ಮ ಕಾಲಿಗೇ ತೊಡರಬಹುದು. ಉತ್ತರ ಕೊಡದೇ ಇರಬಹುದು, ಸುಳ್ಳು ಬೇಡ.

ಬರಹದಲ್ಲಿ ಕೇಳಿದ್ದರ ಬೆಲೆ ಏನು ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಕರಣ ನೋಡಿ. ಆಸ್ಪರ್ಜರ್ಸ್ ಇರುವ ಒಬ್ಬ ಮಹಿಳೆ ಅಲ್ಲಿನ ಸರ್ಕಾರಿ ಕಾನೂನು ಸೇವೆಗೆ ಅರ್ಜಿ ಹಾಕಿದರು. ಮೊದಲ ಸುತ್ತು ಆನ್‌ಲೈನ್ ಪರೀಕ್ಷೆ, ಕೊಟ್ಟ ಉತ್ತರಗಳಲ್ಲಿ ಒಂದನ್ನು ಟಿಕ್ ಮಾಡಬೇಕು. ಕಲ್ಪಿಸಿದ ಸನ್ನಿವೇಶಕ್ಕೆ ಹೀಗೆ ಟಿಕ್ ಹಾಕುವುದು ತನಗೆ ಕಷ್ಟ, ಒಂದೆರಡು ಸಾಲಿನಲ್ಲಿ ಬರೆದು ಉತ್ತರಿಸಲು ಬಿಡಿ ಎಂದು ಮೊದಲೇ ಕೇಳಿದರು. ಆಗಲ್ಲ ಎಂದರು. ಸ್ವಲ್ಪದರಲ್ಲಿ ಅವರು ನಪಾಸಾದರು. 2017ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ತಮಾಷೆ ಅಂದರೆ, ಆ ಪರೀಕ್ಷೆ ಇದ್ದದ್ದು ಅಭ್ಯರ್ಥಿ ಸರಿಯಾದ ನಿರ್ಧಾರ ತೆಗೆದುಕೊಳ್ಳಬಲ್ಲರಾ ಎಂದು ನೋಡಲಿಕ್ಕೆ. ಅವರು ಮೊದಲೇ ಕೇಳಿದ್ದರು ಎನ್ನುವುದನ್ನು ಗಮನಿಸಿ. ಆಮೇಲೆ ನೆನಪಿಸಿಕೊಂಡು ದೂರಿದ್ದರೆ ಕಥೆ ಬೇರೆ ಆಗಬಹುದಿತ್ತು.

ಈಗ ಕೋಣೆಯೊಳಕ್ಕೆ ಹೋಗೋಣ. ಕೇಳಬಾರದ ಪ್ರಶ್ನೆ ಬಂದೇ ಬಿಟ್ಟಿತು ಅಂತಿಟ್ಟುಕೊಳ್ಳಿ. ಎದ್ದು ಕಾನೂನಿನ ಸೆಕ್ಷನ್ ಹೇಳಿದರೆ? ಹೇಳಬಹುದು. ತಪ್ಪೇನಿಲ್ಲ. ಆದರೆ ಆ ಕೆಲಸ ನಿಮಗೆ ಇನ್ನೂ ಬೇಕಿದ್ದರೆ ಅದು ಕೊನೆಯ ಬಾಣ, ಮೊದಲನೆಯದಲ್ಲ. ನಾನು ನೋಡಿದ ಮಟ್ಟಿಗೆ ಚೆನ್ನಾಗಿ ಕೆಲಸ ಮಾಡುವುದು ಒಂದೇ ಉಪಾಯ: ಪ್ರಶ್ನೆಯನ್ನು ದೇಹದಿಂದ ಎತ್ತಿ ಕೆಲಸದ ಮೇಲೆ ಇಡುವುದು. "ಹುಟ್ಟಿನಿಂದಲೇ ಹೀಗಾ?" ಎಂದರೆ, "ಈ ಹುದ್ದೆಯಲ್ಲಿ ಯಾವ ಭಾಗಕ್ಕೆ ಕೇಳಿಸಿಕೊಳ್ಳುವುದು ಮುಖ್ಯ ಅಂತ ಹೇಳಿದರೆ ಅದನ್ನು ಹೇಗೆ ಮಾಡ್ತೀನಿ ಅಂತ ಹೇಳ್ತೀನಿ" ಎನ್ನಬಹುದು. ಇದು ಒರಟಲ್ಲ, ಶರಣಾಗತಿಯೂ ಅಲ್ಲ. ಕೇಳಿದವರಿಗೆ ತಮ್ಮ ಪ್ರಶ್ನೆಯನ್ನು ತಿದ್ದಿಕೊಳ್ಳಲು ಒಂದು ದಾರಿ ಬಿಟ್ಟುಕೊಟ್ಟ ಹಾಗೆ. ಮನಸ್ಸಿದ್ದವರು ಆ ದಾರಿ ಹಿಡಿಯುತ್ತಾರೆ. ಹಿಡಿಯದವರು ಎಂಥವರು ಅಂತ ನಿಮಗೂ ಗೊತ್ತಾಗುತ್ತದೆ.

"ಫೋನ್ ಬಂದ್ರೆ?" ಎಂಬಂಥ ಪ್ರಶ್ನೆಗೆ ಭರವಸೆಗಿಂತ ಉದಾಹರಣೆ ಒಳ್ಳೆಯದು. "ಮ್ಯಾನೇಜ್ ಮಾಡ್ತೀನಿ ಸಾರ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಈಗ ಹೇಳುವುದು ಹೀಗೆ: "ಫೋನ್ ಮಾತನ್ನು ಬರಹವಾಗಿ ತೋರಿಸುವ ಆ್ಯಪ್ ಇದೆ, ಅದನ್ನು ಬಳಸುತ್ತೇನೆ. ಅಂಕಿ-ಅಂಶ ಇದ್ದರೆ ಫೋನಿನಲ್ಲಿ ಒಪ್ಪುವುದಿಲ್ಲ, ಮೇಲ್ ಕಳಿಸಿ ಎನ್ನುತ್ತೇನೆ. ಹಿಂದೆ ಕೆಲಸ ಮಾಡಿದ ಕಡೆ ಇದರಿಂದ ತಪ್ಪು ಕಡಿಮೆಯಾಯಿತು ಅಂತ ಉಳಿದವರೂ ಇದನ್ನೇ ಶುರು ಮಾಡಿದರು." ಇದರಲ್ಲಿ ಕಿವಿಯ ಬಗ್ಗೆ ಒಂದು ಮಾತೂ ಇಲ್ಲ, ನೋಡಿ. ಇರುವುದೆಲ್ಲ ಕೆಲಸವೇ. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಲ್ಯಾಪ್‌ಟಾಪ್ ತೆರೆದು ಎರಡು ನಿಮಿಷ ತೋರಿಸಿಬಿಟ್ಟರೆ ಹತ್ತು ನಿಮಿಷದ ಅನುಮಾನ ಹೋಗುತ್ತದೆ. ಕಂಪ್ಯೂಟರ್ ಅಷ್ಟು ವೇಗವಾಗಿ ಮಾತಾಡುವುದನ್ನು ಮೊದಲ ಸಲ ಕೇಳಿದವರ ಮುಖ ನೋಡಬೇಕು.

ಖರ್ಚಿನ ಪ್ರಶ್ನೆಯೂ ಅಲ್ಲೇ ಮೂಲೆಯಲ್ಲಿ ಕೂತಿರುತ್ತದೆ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅಮೆರಿಕದಲ್ಲಿ 1983ರಿಂದ ಕಂಪನಿಗಳಿಗೆ ಸಲಹೆ ಕೊಡುತ್ತಾ ಬಂದಿರುವ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ವರ್ಷಗಳಿಂದ ಇದರ ಲೆಕ್ಕ ಇಟ್ಟಿದೆ. ಅದು ಕೇಳಿದ ಕಂಪನಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಮಾಡಿದ ಹೊಂದಾಣಿಕೆಗೆ ಒಂದು ಪೈಸೆಯೂ ಖರ್ಚಾಗಿರಲಿಲ್ಲ. ಮೇಜಿನ ಜಾಗ ಬದಲಿಸುವುದು, ಕೆಲಸದ ವೇಳೆ ಅರ್ಧ ಗಂಟೆ ಆಚೀಚೆ ಮಾಡುವುದು, ಇಂಥವಕ್ಕೆ ಖರ್ಚೆಲ್ಲಿ? ನಿಮಗೆ ಬೇಕಾದದ್ದು ಚಿಕ್ಕದಾಗಿದ್ದರೆ ನೀವೇ ಮೊದಲು ಹೇಳಿಬಿಡಿ. ಹೇಳದಿದ್ದರೆ ಎದುರಿನವರ ತಲೆಯಲ್ಲಿ ಅದು ಬೆಳೆಯುತ್ತಾ ಹೋಗುತ್ತದೆ.

ಉತ್ತರ ಕೊಡುವುದೇ ಬೇಡ ಅನ್ನಿಸಿದರೆ? "ಅದು ನನ್ನ ಸ್ವಂತ ವಿಷಯ, ಕೆಲಸದ ಬಗ್ಗೆ ಕೇಳಿ" ಎನ್ನುವ ಹಕ್ಕು ಇದ್ದೇ ಇದೆ. ಅವಮಾನ ಮಿತಿಮೀರಿದರೆ ಎದ್ದು ಬರಬಹುದು. ಹಾಗೇ, ಏನೂ ಹೇಳದೆ ನಕ್ಕು ಉತ್ತರ ಕೊಟ್ಟು ಬಂದರೂ ಅದು ಹೇಡಿತನವಲ್ಲ. ತಿಂಗಳ ಸಂಬಳ ನಿಂತವರಿಗೆ ಆ ಹೊತ್ತಿನಲ್ಲಿ ಹೋರಾಟ ಮಾಡು ಎಂದು ಹೊರಗೆ ಕೂತು ಹೇಳುವುದು ಸುಲಭ. ಅಷ್ಟಕ್ಕೂ ಸಂದರ್ಶಕರಿಗೆ ಪಾಠ ಹೇಳುವುದು ಅಭ್ಯರ್ಥಿಯ ಕೆಲಸವೇ ಅಲ್ಲ. ನಾವು ಅದನ್ನು ಮಾಡುತ್ತಿರುವುದು ಬೇರೆ ಯಾರೂ ಮಾಡುತ್ತಿಲ್ಲ ಅಂತ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಕೆಲಸ ಸಿಗದ ಪ್ರತಿ ಸಲವೂ ತಾರತಮ್ಯ ಆಗಿರುವುದಿಲ್ಲ. ನಮಗಿಂತ ಚೆನ್ನಾಗಿ ತಿಳಿದವರು ಬಂದಿರಬಹುದು. ಕೆಲಸದ ತಿರುಳಿಗೇ ಬೇಕಾದ ಒಂದು ಸಾಮರ್ಥ್ಯ, ಯಾವ ಹೊಂದಾಣಿಕೆ ಮಾಡಿದರೂ ಸಾಧ್ಯವಾಗದೇ ಹೋದರೆ, ಬೇಡ ಎನ್ನುವುದನ್ನು ಕಾನೂನೂ ಒಪ್ಪುತ್ತದೆ. ಜಗಳ ಇರುವುದು ಯಾವುದು ತಿರುಳು, ಯಾವುದು ಸಿಪ್ಪೆ ಎನ್ನುವುದರಲ್ಲಿ. ಕೂತು ಮಾಡುವ ಕೆಲಸಕ್ಕೆ ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ ಎಂದು ಜಾಹೀರಾತು ಹಾಕುತ್ತಾರೆ. ವರ್ಷಕ್ಕೆ ಎರಡು ಸಲ ಎಲ್ಲಿಗೋ ಹೋಗಬೇಕಂತೆ, ಅದಕ್ಕೆ. ಹೋಗಿಬರುವುದು ಕೆಲಸ. ಗಾಡಿ ಓಡಿಸುವುದು ಅಲ್ಲ. ಭಾರತದ ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ಕೊಟ್ಟ ತೀರ್ಪು ಇದನ್ನೇ ಮುಟ್ಟುತ್ತದೆ. ಕಣ್ಣು ಕಾಣದವರು ನ್ಯಾಯಾಧೀಶರಾಗುವಂತಿಲ್ಲ ಎಂದು ಮಧ್ಯಪ್ರದೇಶದ ನೇಮಕಾತಿ ನಿಯಮ ಹೇಳುತ್ತಿತ್ತು. ಕೋರ್ಟ್ ಅದನ್ನು ತೆಗೆದುಹಾಕಿತು. ಕಡತ ಓದುವುದಕ್ಕೆ ಕಣ್ಣೇ ಬೇಕೆಂದಿಲ್ಲ, ಕಿವಿಯಿಂದಲೂ ಬೆರಳಿನಿಂದಲೂ ಓದುವವರಿದ್ದಾರೆ. ಇದೇ ಕೋರ್ಟ್ 2021ರಲ್ಲಿ ಬರೆಯುವಾಗ ಕೈ ಸೆಟೆದುಕೊಳ್ಳುವ ಒಬ್ಬ ಅಭ್ಯರ್ಥಿಯ ವಿಷಯದಲ್ಲಿ ಇನ್ನೊಂದು ಸ್ಪಷ್ಟತೆ ಕೊಟ್ಟಿತ್ತು. ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ಇಲ್ಲದಿದ್ದರೂ ಪರೀಕ್ಷೆಯಲ್ಲಿ ಸಹಾಯಕ ಬರಹಗಾರರನ್ನು ಕೇಳಬಹುದು. ಮೀಸಲಾತಿಗೆ ಬೇಕಾದ ಅಳತೆ ಬೇರೆ, ಹೊಂದಾಣಿಕೆಗೆ ಬೇಕಾದದ್ದು ಬೇರೆ. ಕಚೇರಿಗಳಲ್ಲಿ ಇವೆರಡನ್ನೂ ಕಲಸಿಬಿಡುವವರು ಇವತ್ತಿಗೂ ಇದ್ದಾರೆ.

ಸಂದರ್ಶನ ಮುಗಿಯಿತು. ಮೆಟ್ಟಿಲು ಇಳಿಯುತ್ತಿದ್ದೀರಿ. ನಾನು ಅವತ್ತು ಮಾಡದ, ಮಾಡಬೇಕಿದ್ದ ಕೆಲಸ ಇದು: ಎಲ್ಲಾದರೂ ಕೂತು ಬರೆದುಬಿಡಿ. ಯಾರು ಇದ್ದರು, ಯಾರು ಯಾವ ಪ್ರಶ್ನೆ ಕೇಳಿದರು, ಅವರ ಮಾತಿನಲ್ಲೇ ಬರೆಯಿರಿ. "ಅವಮಾನ ಮಾಡಿದರು" ಅಂತ ಬರೆದರೆ ಉಪಯೋಗವಿಲ್ಲ. "ಆಪರೇಷನ್ ಮಾಡಿಸಬಹುದಲ್ವಾ ಎಂದು ಮಧ್ಯದಲ್ಲಿ ಕೂತವರು ಕೇಳಿದರು, ಸುಮಾರು ಮೂರೂವರೆ ಗಂಟೆ" ಅಂತ ಬರೆದರೆ ಅದಕ್ಕೆ ತೂಕ ಇದೆ. ಬರೆದದ್ದನ್ನು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ, ತಾರೀಕು ಸಮಯ ತಾನಾಗೇ ಬೀಳುತ್ತದೆ. ಕೆಲಸದ ಜಾಹೀರಾತಿನ ಪ್ರತಿ ಇಟ್ಟುಕೊಳ್ಳಿ. ಜಾಹೀರಾತುಗಳಿಗೆ ಮಾಯವಾಗುವ ಗುಣ ಇದೆ.

ಮರುದಿನ ಒಂದು ಮೇಲ್ ಕಳಿಸುವುದು ಒಳ್ಳೆಯದು, ಜಗಳದ ದನಿಯಲ್ಲಿ ಅಲ್ಲ. ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದ ಹೇಳಿ, ನನ್ನ ಕೇಳುವಿಕೆಯ ಬಗ್ಗೆ ಕೆಲವು ಪ್ರಶ್ನೆ ಬಂದವು, ಕೆಲಸದ ಇಂಥ ಭಾಗವನ್ನು ನಾನು ಹೀಗೆ ಮಾಡುತ್ತೇನೆ ಎಂದು ನಾಲ್ಕು ಸಾಲು. ಒಂದು ಕಡೆ ಇದು ನಿಮ್ಮ ಅರ್ಹತೆಯನ್ನು ಮತ್ತೊಮ್ಮೆ ಹೇಳುತ್ತದೆ. ಇನ್ನೊಂದು ಕಡೆ, ಆ ಪ್ರಶ್ನೆಗಳು ಬಂದವು ಎನ್ನುವುದು ಅವರ ಇನ್‌ಬಾಕ್ಸ್‌ನಲ್ಲೇ ದಾಖಲಾಗುತ್ತದೆ. ಅವರು ಅಲ್ಲಗಳೆದು ಉತ್ತರ ಬರೆಯದಿದ್ದರೆ ಮೌನವೂ ಸ್ವಲ್ಪ ಮಾತಾಡುತ್ತದೆ. ಆಯ್ಕೆಯಾಗದಿದ್ದರೆ ಕಾರಣ ಕೇಳಿ. ಕೊಡಲೇಬೇಕೆಂಬ ನಿಯಮ ಎಲ್ಲ ಕಡೆ ಇಲ್ಲ, ಆದರೂ ಕೊಡುವವರಿದ್ದಾರೆ. ಕೆಲವರು ಬೇಡದ್ದನ್ನೂ ಬರೆದುಬಿಡುತ್ತಾರೆ.

ದೂರಿನ ದಾರಿ ದೇಶಕ್ಕೊಂದು. ಅಮೆರಿಕದಲ್ಲಿ ಸಮಾನ ಉದ್ಯೋಗ ಅವಕಾಶ ಆಯೋಗಕ್ಕೆ 180 ದಿನದೊಳಗೆ ದೂರು ಕೊಡಬೇಕು. ಆ ರಾಜ್ಯದಲ್ಲೂ ಇಂಥ ಕಾನೂನು, ಅದನ್ನು ನೋಡಿಕೊಳ್ಳುವ ಸಂಸ್ಥೆ ಇದ್ದರೆ 300 ದಿನ. ಭಾರತದಲ್ಲಿ ಕೇಂದ್ರಕ್ಕೆ ಮುಖ್ಯ ಆಯುಕ್ತರು, ರಾಜ್ಯಗಳಿಗೆ ರಾಜ್ಯ ಆಯುಕ್ತರು ಇದ್ದಾರೆ. ಸರ್ಕಾರಿ ಸಂಸ್ಥೆಯಾದರೆ ಅಲ್ಲೇ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಮೊದಲು ಅವರಲ್ಲಿಗೆ. ಕಾಯ್ದೆ ಮೀರಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50 ಸಾವಿರದಿಂದ ಐದು ಲಕ್ಷದವರೆಗೆ. ದೊಡ್ಡ ಕಂಪನಿಗೆ ಮೊದಲಿನದು ಒಂದು ಮೀಟಿಂಗಿನ ಊಟದ ಬಿಲ್ಲು, ಅಷ್ಟೇ. ಅಂಗವೈಕಲ್ಯ ಇರುವವರನ್ನು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಎಂದು 92ನೇ ಸೆಕ್ಷನ್ ಹೇಳುತ್ತದೆ. ಆದರೆ ಅದು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಬಾಗಿಲು ಹಾಕಿದ ಸಂದರ್ಶನದ ಕೋಣೆ ಅಂಥ ಜಾಗವೇ ಎಂದು ವಕೀಲರು ವಾದಿಸುತ್ತಾ ಕೂರಬಹುದು.

ಎಲ್ಲ ದೇಶದಲ್ಲೂ ಕಷ್ಟದ ಗಂಟು ಒಂದೇ, ಸಾಬೀತು. ಅವತ್ತಿನ ಕೋಣೆಯಲ್ಲಿ ಅವರು ಮೂವರು, ನಾನು ಒಬ್ಬ. ವಾರದ ನಂತರ ಎರಡು ಸಾಲಿನ ಮೇಲ್ ಬಂತು, ಹುದ್ದೆ ಭರ್ತಿಯಾಗಿದೆ ಎಂದು. ಒಂದು ತಿಂಗಳಾದಮೇಲೆ ಅದೇ ಹುದ್ದೆಗೆ ಅದೇ ಜಾಹೀರಾತು ಮತ್ತೆ ಕಾಣಿಸಿತು, ಒಂದು ಅಕ್ಷರವೂ ಬದಲಾಗಿರಲಿಲ್ಲ. ದೂರು ಕೊಟ್ಟಿರಾ ಎಂದು ಕೇಳುತ್ತೀರಿ, ಅಲ್ವಾ? ಇಲ್ಲ. ಹಳೆಯ ಜಾಹೀರಾತಿನ ಪ್ರತಿ ನನ್ನಲ್ಲಿರಲಿಲ್ಲ. ಆ ಸಂಜೆ ನಾನು ಏನೂ ಬರೆದಿಟ್ಟಿರಲಿಲ್ಲ.

ಈಗ ಇನ್ನೊಂದು ಹೊಸ ತಲೆನೋವು ಬಂದಿದೆ. ಮೊದಲ ಸುತ್ತಿನಲ್ಲಿ ಮನುಷ್ಯರೇ ಇರುವುದಿಲ್ಲ. ಲಿಂಕ್ ಬರುತ್ತದೆ, ಕ್ಯಾಮೆರಾ ಮುಂದೆ ಕೂತು ಉತ್ತರ ಹೇಳಬೇಕು, ಸಾಫ್ಟ್‌ವೇರ್ ಅಂಕ ಕೊಡುತ್ತದೆ. ತೊದಲುವವರಿಗೆ, ಮುಖದ ಸ್ನಾಯು ಸರಿಯಾಗಿ ಆಡದವರಿಗೆ, ಕ್ಯಾಮೆರಾದ ಕಡೆ ಕಣ್ಣು ನೆಡಲಾಗದ ಆಟಿಸಂ ಇರುವವರಿಗೆ ಅದು ಎಷ್ಟು ಅಂಕ ಕೊಡುತ್ತದೆ, ಯಾಕೆ ಕೊಡುತ್ತದೆ ಎಂದು ಕೇಳಲು ಎದುರಿಗೆ ಯಾರೂ ಇಲ್ಲ. ಈ ವ್ಯವಹಾರದ ದೊಡ್ಡ ಕಂಪನಿ ಹೈರ್‌ವ್ಯೂ ಮುಖ ನೋಡಿ ಅಳೆಯುವುದನ್ನು ಕೈಬಿಟ್ಟಿದ್ದೇವೆ ಎಂದು 2021ರ ಜನವರಿಯಲ್ಲಿ ಹೇಳಿತು. ಯುರೋಪಿನ ಹೊಸ ಎಐ ಕಾಯ್ದೆ ನೇಮಕಾತಿಗೆ ಬಳಸುವ ಇಂಥ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ಗುಂಪಿಗೆ ಸೇರಿಸಿದೆ. ಒಳ್ಳೆಯದೇ. ಆದರೆ ಪ್ರಶ್ನೆ ಕೇಳಿದ್ದೇ ಗೊತ್ತಾಗದಿದ್ದರೆ ಬರೆದಿಡುವುದು ಏನನ್ನು? ಮನುಷ್ಯರು "ಹುಟ್ಟಿನಿಂದಲೇ ಹೀಗಾ" ಎಂದು ಬಾಯಿಬಿಟ್ಟಾದರೂ ಕೇಳುತ್ತಿದ್ದರು.

ಇತ್ತೀಚೆಗೆ ನನಗೂ ಅಂಥದ್ದೊಂದು ಲಿಂಕ್ ಬಂದಿತ್ತು. ಪ್ರಶ್ನೆ ಧ್ವನಿಯಲ್ಲಿ ಮಾತ್ರ ಬರುತ್ತದೆ, ಒಂದೇ ಸಲ ಕೇಳಿಸುತ್ತದೆ ಎಂದು ಸೂಚನೆಯಲ್ಲಿತ್ತು. ನಾನು ಲಿಂಕ್ ಒತ್ತಲಿಲ್ಲ. ಪ್ರಶ್ನೆಗಳನ್ನು ಬರಹದಲ್ಲಿ ತೋರಿಸಿ, ಇಲ್ಲವೇ ಯಾರಾದರೂ ಮನುಷ್ಯರು ಮಾತಾಡಿ ಎಂದು ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಬರಹ ತೋರಿಸುವ ಒಂದು ಬಟನ್ ಆ ಸಾಫ್ಟ್‌ವೇರ್‌ನಲ್ಲಿ ಮೊದಲಿನಿಂದಲೂ ಇತ್ತಂತೆ. ಯಾರೂ ಕೇಳಿರಲಿಲ್ಲ, ಹಾಗಾಗಿ ಆನ್ ಮಾಡಿರಲಿಲ್ಲವಂತೆ.